ಅಧಿಕ ಒತ್ತಡದ ನೀರಿನ ಯಂತ್ರಗಳು: ಶಕ್ತಿ, ಅಪಾಯ ಮತ್ತು ಪಂಚಾಯತಿಯ ಹೊಣೆ

ಸ್ವಚ್ಛ ವಾಹಿನಿ ವಾಹನ ತೊಳೆಯಲು, ಸಮುದಾಯ ಶೌಚಾಲಯದ ನೆಲ ಶುಚಿಗೊಳಿಸಲು, ಓವರ್‌ಹೆಡ್ ಟ್ಯಾಂಕಿನ ಒಳಗೋಡೆಯ ಪಾಚಿ ತೆಗೆಯಲು, ರಸ್ತೆಯಡಿಯ ಚರಂಡಿ ಪೈಪಿನಲ್ಲಿ ಕಟ್ಟಿಕೊಂಡ ಹೂಳು ಬಿಡಿಸಲು ಗ್ರಾಮ ಪಂಚಾಯತಿಗಳು ಅಧಿಕ ಒತ್ತಡದ ನೀರಿನ ಯಂತ್ರಗಳನ್ನು ಖರೀದಿಸುತ್ತವೆ ಅಥವಾ ಬಾಡಿಗೆಗೆ ತರಿಸುತ್ತವೆ. ಸಾಮಾನ್ಯ ಸಭೆಯ ಮುಂದೆ ಈ ವಿಷಯ ಬಂದಾಗ ಚರ್ಚೆ ಬಹುಮಟ್ಟಿಗೆ ದರಪಟ್ಟಿಯ ಸುತ್ತಲೇ ನಡೆಯುತ್ತದೆ. ಯಾವ ಕಂಪನಿಯ ದರ ಕಡಿಮೆ, ವಾರಂಟಿ ಎಷ್ಟು ವರ್ಷ, ಅನುದಾನದ ಯಾವ ಬಾಬಿನಲ್ಲಿ ವೆಚ್ಚ ಭರಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತೊಡನೆ ನಿರ್ಣಯ ಅಂಗೀಕಾರವಾಗುತ್ತದೆ. ಯಂತ್ರವನ್ನು ಕೈಯಲ್ಲಿ ಹಿಡಿಯುವವರು ಯಾರು, ಅವರ ಕಾಲಿನಲ್ಲಿ ಬೂಟು ಇದೆಯೇ, ಹವಾಯಿ ಚಪ್ಪಲಿಯೇ ಎಂದು ಕೇಳುವ ಸದಸ್ಯರು ವಿರಳ.

ಹೊರಬರುವುದು ನೀರು ತಾನೇ ಎಂಬ ಭಾವನೆ ಇದಕ್ಕೆ ಮುಖ್ಯ ಕಾರಣ. ಮರ ಕೊಯ್ಯುವ ಯಂತ್ರಕ್ಕೆ ಹಲ್ಲುಗಳಿವೆ, ನೋಡಿದೊಡನೆ ಭಯವಾಗುತ್ತದೆ. ನೀರಿನ ಯಂತ್ರಕ್ಕೆ ಕಣ್ಣಿಗೆ ಕಾಣುವ ಹಲ್ಲಿಲ್ಲ. ಆದುದರಿಂದ ಅದರ ಶಕ್ತಿ ಎಷ್ಟೆಂಬುದನ್ನು ಮೊದಲು ಲೆಕ್ಕದಿಂದಲೇ ಅರಿಯಬೇಕಾಗುತ್ತದೆ.

ಒತ್ತಡ ಮತ್ತು ಹರಿವು

ನೀರಿನ ಒತ್ತಡವನ್ನು ‘ಬಾರ್’ ಎಂಬ ಮಾನದಿಂದ ಅಳೆಯಲಾಗುತ್ತದೆ. ಸುಮಾರು 10 ಮೀಟರ್ ಎತ್ತರದ ನೀರಿನ ಕಂಬವು ತನ್ನ ಬುಡದ ಮೇಲೆ ಹಾಕುವ ಒತ್ತಡವೇ 1 ಬಾರ್. ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 1 ಕಿಲೋಗ್ರಾಂ ಭಾರ. 15 ಮೀಟರ್ ಎತ್ತರದ ಟ್ಯಾಂಕಿನಿಂದ ಬೀದಿನಲ್ಲಿಗೆ ಇಳಿಯುವ ನೀರಿನ ಒತ್ತಡ ಒಂದೂವರೆ ಬಾರ್ ಮಾತ್ರ. ಕೈಯಲ್ಲಿ ಹಿಡಿದು ಬಳಸುವ ಸಣ್ಣ ಪ್ರೆಶರ್ ವಾಷರ್‌ಗಳು 100ರಿಂದ 150 ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತವೆ. 100 ಬಾರ್ ಒತ್ತಡವನ್ನು ಎತ್ತರದಿಂದಲೇ ಪಡೆಯಬೇಕಾದರೆ ಟ್ಯಾಂಕನ್ನು ನೆಲದಿಂದ ಒಂದು ಕಿಲೋಮೀಟರ್ ಮೇಲೆ ಕಟ್ಟಬೇಕಾದೀತು.

ಈ ಒತ್ತಡವನ್ನು ಹುಟ್ಟಿಸುವುದು ಯಂತ್ರದೊಳಗಿನ ಪ್ಲಂಜರ್ ಪಂಪು. ಮೋಟಾರು ಅಥವಾ ಎಂಜಿನ್ ತಿರುಗಿದಂತೆ ಸಾಮಾನ್ಯವಾಗಿ ಮೂರು ಉಕ್ಕಿನ ಅಥವಾ ಪಿಂಗಾಣಿಯ ದಂಡಗಳು ಒಂದರ ಹಿಂದೊಂದರಂತೆ ಮುಂದೆ ಹಿಂದೆ ಚಲಿಸಿ ನೀರನ್ನು ಪೈಪಿಗೆ ಒತ್ತುತ್ತವೆ. ತುದಿಯ ನಾಝಲ್‌ನ ರಂಧ್ರ ಬಹಳ ಚಿಕ್ಕದು. ನಿಮಿಷಕ್ಕೆ 10 ಲೀಟರ್ ನೀರನ್ನು 100 ಬಾರ್ ಒತ್ತಡದಲ್ಲಿ ಬಿಡುವ ಯಂತ್ರದಲ್ಲಿ ಅದರ ವ್ಯಾಸ ಸುಮಾರು 1.2 ಮಿಲಿಮೀಟರ್, ಒಂದು ರಾಗಿ ಕಾಳಿನಷ್ಟು. ಅಷ್ಟು ಕಿರಿದಾದ ದಾರಿಯಿಂದ ಹೊರಬರುವ ನೀರಿನ ವೇಗ ಸೆಕೆಂಡಿಗೆ 140 ಮೀಟರ್, ಅಂದರೆ ಗಂಟೆಗೆ 500 ಕಿಲೋಮೀಟರ್. ಕೊಳೆಯನ್ನು ಕಿತ್ತೆಸೆಯುವುದು ಈ ವೇಗವೇ. ಗಾಯ ಮಾಡುವುದೂ ಇದೇ.

ದರಪಟ್ಟಿಗಳನ್ನು ಹೋಲಿಸುವಾಗ ಒಂದು ಎಚ್ಚರಿಕೆ ಅಗತ್ಯ. ಕೆಲವರು ಒತ್ತಡವನ್ನು ಬಾರ್‌ನಲ್ಲಿಯೂ ಕೆಲವರು ಪಿ.ಎಸ್.ಐ. ಮಾನದಲ್ಲಿಯೂ ನಮೂದಿಸುತ್ತಾರೆ. 1 ಬಾರ್ ಎಂದರೆ 14.5 ಪಿ.ಎಸ್.ಐ.; ಆದುದರಿಂದ 2000 ಪಿ.ಎಸ್.ಐ. ಎಂಬ ದೊಡ್ಡ ಸಂಖ್ಯೆಯು 138 ಬಾರ್‌ಗೆ ಸಮ, 150 ಬಾರ್‌ಗಿಂತ ಕಡಿಮೆ. ಇನ್ನು ಕೆಲವರು ಯಂತ್ರ ಕ್ಷಣಮಾತ್ರ ತಲುಪುವ ಗರಿಷ್ಠ ಒತ್ತಡವನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ, ನಿಜವಾಗಿ ಕೆಲಸ ಮಾಡುವ ಒತ್ತಡವನ್ನು ಮೂಲೆಯಲ್ಲಿ ಇಡುತ್ತಾರೆ. ಹೋಲಿಸಬೇಕಾದುದು ಎರಡನೆಯದನ್ನು. ಅದರೊಂದಿಗೆ ನಿಮಿಷಕ್ಕೆ ಎಷ್ಟು ಲೀಟರ್ ಎಂಬ ಹರಿವಿನ ಪ್ರಮಾಣವನ್ನೂ ನೋಡಬೇಕು. ಒತ್ತಡ ಕೊಳೆಯನ್ನು ಬಿಡಿಸುತ್ತದೆ, ಹರಿವು ಅದನ್ನು ಸಾಗಿಸುತ್ತದೆ. ಚರಂಡಿಯ ಹೂಳಿಗೆ ಬೇಕಾದುದು ಹರಿವು. ಒತ್ತಡ ಮಾತ್ರ ಹೆಚ್ಚಿರುವ ಸಣ್ಣ ಯಂತ್ರವು ಹೂಳಿನಲ್ಲಿ ತೂತು ಕೊರೆದು ಸುಮ್ಮನಾಗುತ್ತದೆ.

ಬಾರ್‌ಗಳನ್ನು ಲೀಟರುಗಳಿಂದ ಗುಣಿಸಿ 600ರಿಂದ ಭಾಗಿಸಿದರೆ ನೀರಿಗೆ ಸೇರುವ ಶಕ್ತಿ ಕಿಲೋವಾಟ್‌ನಲ್ಲಿ ದೊರೆಯುತ್ತದೆ. ಮೇಲಿನ ಸಣ್ಣ ಯಂತ್ರಕ್ಕೆ ಇದು 1.7 ಕಿಲೋವಾಟ್. 150 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 200 ಲೀಟರ್ ಹಾಯಿಸುವ, ವಾಹನದ ಮೇಲಿನ ಜೆಟ್ಟಿಂಗ್ ಯಂತ್ರಕ್ಕೆ 50 ಕಿಲೋವಾಟ್, ಅಂದರೆ 67 ಅಶ್ವಶಕ್ತಿ. ಊರಿನ ಸಾಧಾರಣ ಟ್ರ್ಯಾಕ್ಟರಿನ ಎಂಜಿನ್‌ಗಿಂತ ಹೆಚ್ಚಿನ ಶಕ್ತಿ ಒಂದು ಪೈಪಿನ ತುದಿಯಲ್ಲಿ ನಿಂತಿರುತ್ತದೆ. ಹೊರಚಿಮ್ಮುವ ನೀರು ಪೈಪನ್ನು ಹಿಂದಕ್ಕೂ ತಳ್ಳುತ್ತದೆ. ಸಣ್ಣ ಯಂತ್ರದಲ್ಲಿ ಈ ಹಿನ್ನೂಕು ಸುಮಾರು ಎರಡೂವರೆ ಕಿಲೋಗ್ರಾಂ ಭಾರದಷ್ಟು. ನೆಲದ ಮೇಲೆ ನಿಂತವರಿಗೆ ಅದು ದೊಡ್ಡದಲ್ಲ, ಏಣಿಯ ಮೇಲೆ ನಿಂತವರನ್ನು ಬೀಳಿಸಲು ಸಾಕು. ದೊಡ್ಡ ಯಂತ್ರದ ಹರಿವೆಲ್ಲ ಒಂದೇ ದಿಕ್ಕಿಗೆ ಹೊರಟರೆ ಹಿನ್ನೂಕು 60 ಕಿಲೋಗ್ರಾಂ ಸಮೀಪಿಸುತ್ತದೆ. ಅದನ್ನು ಯಾವ ಮನುಷ್ಯನೂ ಕೈಯಲ್ಲಿ ಹಿಡಿದು ನಿಲ್ಲಲಾರ.

ಚಿಕ್ಕದಾಗಿ ಕಾಣುವ ಗಾಯ

ನೀರಿನ ಸೆಲೆಯು ಮನುಷ್ಯನ ಚರ್ಮವನ್ನು ಭೇದಿಸಲು 100 ಬಾರ್ ಬೇಕಿಲ್ಲ. ಸುಮಾರು 7 ಬಾರ್ ಒತ್ತಡವೇ ಸಾಕಾಗಬಹುದೆಂದು ವೈದ್ಯಕೀಯ ಗ್ರಂಥಗಳು ಹೇಳುತ್ತವೆ. ಸಣ್ಣ ಯಂತ್ರದ ಒತ್ತಡವೂ ಇದರ ಹದಿನಾಲ್ಕು ಪಟ್ಟಿಗಿಂತ ಹೆಚ್ಚು.

ಈ ಗಾಯದ ಸ್ವರೂಪವನ್ನು ಪ್ರತಿಯೊಬ್ಬ ಸದಸ್ಯರೂ ಅರಿತಿರಬೇಕು, ಏಕೆಂದರೆ ಅದು ಮೋಸ ಮಾಡುವ ಗಾಯ. ನಾಝಲ್ ಕಟ್ಟಿಕೊಂಡಿತೆಂದು ಬೆರಳಿನಿಂದ ಒರೆಸುವಾಗ, ಇಲ್ಲವೆ ಪೈಪಿನಲ್ಲಿ ಎಲ್ಲೋ ಸೋರುತ್ತಿದೆಯೆಂದು ಅಂಗೈಯಿಂದ ಸವರಿ ಹುಡುಕುವಾಗ ನೀರು ಒಳಹೊಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ತೂತು, ಒಂದೆರಡು ಹನಿ ರಕ್ತ. ಮೊದಲ ಗಂಟೆಯಲ್ಲಿ ನೋವೂ ಹೆಚ್ಚಿರಲಾರದು, ಜೋಮು ಹಿಡಿದಂತೆ ಅನಿಸಬಹುದು. ಆದರೆ ಒಳಗೆ ನೀರು, ಗಾಳಿ, ಕೊಳೆ ಮತ್ತು ರೋಗಾಣುಗಳು ಸ್ನಾಯುರಜ್ಜುಗಳ ಕವಚದ ಗುಂಟ ಬೆರಳಿನಿಂದ ಅಂಗೈವರೆಗೆ, ಕೆಲವೊಮ್ಮೆ ಮುಂಗೈವರೆಗೆ ಹರಡಿರುತ್ತವೆ. ಊತ ಹೆಚ್ಚಿದಂತೆ ರಕ್ತಸಂಚಾರ ನಿಲ್ಲುತ್ತದೆ. ಒಳಗಿನ ಮಾಂಸ ಸತ್ತು ಕೀವು ತುಂಬುತ್ತದೆ. ಬೆರಳನ್ನು ಕತ್ತರಿಸಬೇಕಾದ ಪ್ರಸಂಗಗಳೂ ಇವೆ. ಚರಂಡಿಯ ನೀರಿನಲ್ಲಿ ಅದ್ದಿದ ನಾಝಲ್ ಆಗಿದ್ದರೆ ಸೋಂಕಿನ ಅಪಾಯ ಇನ್ನೂ ಹೆಚ್ಚು.

ಗಾಯಾಳು ಮನೆಗೆ ಹೋಗಿ ಅರಿಸಿನ ಮೆತ್ತಿಕೊಳ್ಳುವುದು, ಇಲ್ಲವೆ ಆಸ್ಪತ್ರೆಗೆ ಹೋದರೂ ‘ಪೈಪು ತಗುಲಿತು’ ಎಂದಷ್ಟೇ ಹೇಳಿ ಧನುರ್ವಾಯು ಚುಚ್ಚುಮದ್ದು ಪಡೆದು ಮರಳುವುದು ಸಹಜ. ಎರಡೂ ಸಾಲದು. ಅಧಿಕ ಒತ್ತಡದ ನೀರು ಚರ್ಮದೊಳಗೆ ಹೊಕ್ಕ ಯಾವುದೇ ಗಾಯವು ಶಸ್ತ್ರಚಿಕಿತ್ಸಕರು ಅಂದೇ ನೋಡಬೇಕಾದ ತುರ್ತು ಗಾಯ. 108 ವಾಹನ ಕರೆಸಿ, ಶಸ್ತ್ರಚಿಕಿತ್ಸಕರಿರುವ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಬೇಕು. ಗಾಯವನ್ನು ಹಿಂಡಬಾರದು, ತಿಕ್ಕಬಾರದು, ಬಿಗಿಯಾಗಿ ಕಟ್ಟಬಾರದು. ಸಡಿಲವಾದ ಶುಭ್ರ ಬಟ್ಟೆ ಹೊದಿಸಿ ಕೈಯನ್ನು ಎತ್ತರದಲ್ಲಿ ಇರಿಸಬೇಕು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ವೈದ್ಯರು ನೋಡುವವರೆಗೆ ತಿನ್ನಲು ಕುಡಿಯಲು ಏನನ್ನೂ ಕೊಡದಿರುವುದು ಒಳಿತು. ಯಂತ್ರದ ಒತ್ತಡ ಎಷ್ಟು, ನೀರು ಶುದ್ಧವೋ ಚರಂಡಿಯದೋ, ಸೋಪು ಅಥವಾ ರಾಸಾಯನಿಕ ಬೆರೆತಿತ್ತೇ, ಗಾಯ ಎಷ್ಟು ಹೊತ್ತಿಗೆ ಆಯಿತು ಎಂಬ ನಾಲ್ಕು ಸಂಗತಿಗಳನ್ನು ವೈದ್ಯರಿಗೆ ತಿಳಿಸಬೇಕು. ಕೆಲವು ದೇಶಗಳಲ್ಲಿ ಈ ಕೆಲಸ ಮಾಡುವವರು ಇದೇ ವಿವರವುಳ್ಳ ಚೀಟಿಯನ್ನು ಸದಾ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಅಂತಹ ಚೀಟಿಯನ್ನು ಕನ್ನಡದಲ್ಲಿ ಮುದ್ರಿಸಿ ಕೊಡಲು ಪಂಚಾಯತಿಗೆ ತಗಲುವ ವೆಚ್ಚ ನಗಣ್ಯ.

ಕಣ್ಣಿನ ವಿಷಯ ಹೆಚ್ಚು ವಿವರಿಸಬೇಕಿಲ್ಲ. ನೀರಿಗಿಂತಲೂ ನೀರು ಎಬ್ಬಿಸುವ ಜಲ್ಲಿಯ ಚೂರು ಮೊದಲು ಕಣ್ಣಿಗೆ ಹಾರುತ್ತದೆ. ಮುಖಪೂರ್ತಿ ಮುಚ್ಚುವ ಪಾರದರ್ಶಕ ಕವಚವೇ ಬೇಕು, ಬಿಸಿಲಿನ ಕನ್ನಡಕ ಸಾಲದು.

ಕೆಲಸದ ಸ್ಥಳದಲ್ಲಿ

ಗನ್‌ನ ಟ್ರಿಗರ್ ಬಿಟ್ಟೊಡನೆ ನೀರು ನಿಲ್ಲಬೇಕೆಂಬುದೇ ಯಂತ್ರದ ಮೊದಲ ರಕ್ಷಣೆ. ಕೈ ನೋಯುತ್ತದೆಂದು ಟ್ರಿಗರನ್ನು ತಂತಿಯಿಂದಲೋ ಹಗ್ಗದಿಂದಲೋ ಒತ್ತಿ ಕಟ್ಟುವ ಅಭ್ಯಾಸ ವಾಟರ್ ಸರ್ವೀಸ್ ಅಂಗಡಿಗಳಲ್ಲಿ ಕಾಣಸಿಗುತ್ತದೆ. ಅಂತಹ ಗನ್ ಕೈಜಾರಿದರೆ ಹಾವಿನಂತೆ ಹೊರಳಾಡುತ್ತ ಎದುರಿಗಿದ್ದವರೆಲ್ಲರ ಮೇಲೆ ಹಾಯುತ್ತದೆ. ಪಂಚಾಯತಿಯ ಯಂತ್ರದಲ್ಲಿ ಹೀಗೆ ಕಟ್ಟಿರುವುದು ಕಂಡುಬಂದರೆ ಆ ದಿನದ ಕೆಲಸವನ್ನೇ ನಿಲ್ಲಿಸುವ ಅಧಿಕಾರ ಯಾವ ಸದಸ್ಯರಿಗೂ ಇರಬೇಕೆಂದು ಸಭೆ ಮೊದಲೇ ನಿರ್ಣಯಿಸಬಹುದು. ಸೋರಿಕೆಯನ್ನು ಹುಡುಕಲು ಕೈಯ ಬದಲು ರಟ್ಟಿನ ತುಂಡನ್ನು ಹಿಡಿಯಬೇಕು. ರಟ್ಟು ಎಲ್ಲಿ ಹರಿಯುತ್ತದೆಯೋ ಅಲ್ಲಿ ತೂತಿದೆ.

ನಾಝಲ್‌ಗಳಿಗೆ ಬಣ್ಣದ ಗುರುತುಗಳಿವೆ. ಕೆಂಪು ನಾಝಲ್ ನೀರನ್ನು ಹರಡದೆ ನೇರ ದಾರದಂತೆ ಬಿಡುತ್ತದೆ. ಹಳದಿ 15 ಡಿಗ್ರಿ, ಹಸಿರು 25 ಡಿಗ್ರಿ, ಬಿಳಿ 40 ಡಿಗ್ರಿ ಅಗಲಕ್ಕೆ ಬೀಸಣಿಗೆಯಂತೆ ಹರಡುತ್ತದೆ. ಪಂಚಾಯತಿಯ ದಿನನಿತ್ಯದ ಕೆಲಸಕ್ಕೆ ಹಸಿರು ಮತ್ತು ಬಿಳಿ ಸಾಕು. ಕೆಂಪು ನಾಝಲನ್ನು ಪೆಟ್ಟಿಗೆಯಿಂದ ತೆಗೆದು ಕಚೇರಿಯ ಬೀರುವಿನಲ್ಲಿ ಇರಿಸುವುದೇ ಲೇಸು.

ವಿದ್ಯುತ್ ಚಾಲಿತ ಯಂತ್ರದಲ್ಲಿ ನೀರು ಮತ್ತು ಕರೆಂಟು ಒಂದೇ ಜಾಗದಲ್ಲಿ ಸೇರುತ್ತವೆ. ಸರಿಯಾದ ಅರ್ತಿಂಗ್ ಮತ್ತು 30 ಮಿಲಿಆಂಪಿಯರ್ ಸೋರಿಕೆಗೆ ತಾನಾಗಿ ಸಂಪರ್ಕ ಕಡಿಯುವ ಇ.ಎಲ್.ಸಿ.ಬಿ. ಇಲ್ಲದ ಸಾಕೆಟ್ಟಿಗೆ ಅದನ್ನು ಜೋಡಿಸಬಾರದು. ಜೋಡಣೆಯ ವೈರು ನೆಲದ ನೀರಿನಲ್ಲಿ ಬಿದ್ದಿರಬಾರದು. ಬೀದಿದೀಪದ ಸ್ವಿಚ್ ಪೆಟ್ಟಿಗೆ, ಪಂಪ್‌ಹೌಸಿನ ಸ್ಟಾರ್ಟರ್, ಟ್ರಾನ್ಸ್‌ಫಾರ್ಮರ್ ಇವುಗಳ ಕಡೆಗೆ ನೀರು ಹಾಯಿಸುವುದು ಸಾವನ್ನು ಕರೆದಂತೆ. ಪೆಟ್ರೋಲ್ ಎಂಜಿನ್ನಿನ ಯಂತ್ರದಲ್ಲಿ ಬೇರೊಂದು ಅಪಾಯವಿದೆ: ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನೆಲಮಟ್ಟದ ಸಂಪು ಅಥವಾ ಓವರ್‌ಹೆಡ್ ಟ್ಯಾಂಕು ತೊಳೆಯುವಾಗ ಎಂಜಿನ್ನನ್ನು ಒಳಗಾಗಲಿ ಬಾಯಿಯ ಪಕ್ಕದಲ್ಲಾಗಲಿ ಇಡಬಾರದು. ಒಳಗಿಳಿದ ನೀರುಗಂಟಿಯೊಡನೆ ಮಾತನಾಡುತ್ತಿರುವ ಇನ್ನೊಬ್ಬರು ಮೇಲೆ ಇರಲೇಬೇಕು. ಟ್ಯಾಂಕಿನ ಒಳಗಿಲಾವಿಗೆ ತೀರ ಸಮೀಪದಿಂದ ನೀರು ಹೊಡೆದರೆ ಪಾಚಿಯೊಂದಿಗೆ ಸಿಮೆಂಟೂ ಕಳಚುತ್ತದೆ. ಹಸಿರು ನಾಝಲನ್ನು 10 ಸೆಂಟಿಮೀಟರ್ ಬದಲು 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ನೀರು ಮೂರು ಪಟ್ಟು ಅಗಲಕ್ಕೆ ಹರಡಿ ಪೆಟ್ಟು ಮೃದುವಾಗುತ್ತದೆ.

ಯಂತ್ರಕ್ಕೆ ನೀರು ಕೊಡುವ ಬಗೆಯೂ ಮುಖ್ಯ. ಕುಡಿಯುವ ನೀರಿನ ಕೊಳಾಯಿಗೆ ಅದನ್ನು ನೇರವಾಗಿ ಜೋಡಿಸುವುದು ಸುಲಭವೆನಿಸುತ್ತದೆ. ನಮ್ಮ ಗ್ರಾಮಗಳಲ್ಲಿ ನೀರು ಗೊತ್ತಾದ ವೇಳೆಗೆ ಮಾತ್ರ ಬರುತ್ತದೆ. ಸರಬರಾಜು ನಿಂತಾಗ ಕೊಳವೆ ಖಾಲಿಯಾಗುತ್ತ ತನ್ನತ್ತ ಹೀರಿಕೊಳ್ಳುತ್ತದೆ. ಆಗ ಯಂತ್ರದಲ್ಲಿರುವ ಸೋಪಿನ ನೀರು ಅಥವಾ ಕೊಳೆ ಇಡೀ ಬೀದಿಯ ಕುಡಿಯುವ ನೀರಿಗೆ ಸೇರಬಹುದು. ನಡುವೆ 200 ಲೀಟರಿನ ಡ್ರಮ್ಮು ಇಟ್ಟು, ಕೊಳಾಯಿಯ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿರುವಂತೆ ನೋಡಿಕೊಂಡರೆ ಈ ಅಪಾಯ ಇಲ್ಲ. ಕೊಳವೆಬಾವಿಯ ನೀರಿನೊಂದಿಗೆ ಬರುವ ಮರಳು ಡ್ರಮ್ಮಿನ ತಳದಲ್ಲೇ ನಿಂತು ಪಂಪಿನ ಸೀಲುಗಳೂ ಉಳಿಯುತ್ತವೆ.

ನೀರು ಹಾಯಿಸಬಾರದ ಸ್ಥಳಗಳಲ್ಲಿ ಎರಡನ್ನು ಇಲ್ಲಿ ಹೆಸರಿಸಬೇಕು. ಮೊದಲನೆಯದು ಶಾಲೆ, ಅಂಗನವಾಡಿಗಳ ಹಳೆಯ ಕಲ್ನಾರಿನ ಶೀಟು. ಪಾಚಿ ತೆಗೆಯಲೆಂದು ಅದರ ಮೇಲೆ ಒತ್ತಡದ ನೀರು ಬಿಟ್ಟರೆ ಕಲ್ನಾರಿನ ಸೂಕ್ಷ್ಮ ಎಳೆಗಳು ಬಿಡಿಸಿಕೊಂಡು ಅಂಗಳದಲ್ಲಿ ಹರಡುತ್ತವೆ. ಅವು ಒಣಗಿ ಗಾಳಿಗೆ ಸೇರಿ ಶ್ವಾಸಕೋಶ ಹೊಕ್ಕರೆ ಹೊರಬರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಇದನ್ನು ಕಾನೂನೇ ನಿಷೇಧಿಸಿದೆ. ಎರಡನೆಯದು ಊರ ಮುಂದಿನ ವೀರಗಲ್ಲು, ಶಾಸನ, ಹಳೆಯ ದೇಗುಲದ ಕಂಬ. ಜಾತ್ರೆಗೆ ಮುನ್ನ ಇವನ್ನು ‘ಲಕಲಕ’ ಮಾಡಬೇಕೆಂಬ ಉತ್ಸಾಹ ಒಳ್ಳೆಯದೇ. ಆದರೆ ಬಳಪದ ಕಲ್ಲು ಮೆದು. ಶತಮಾನಗಳ ಬಿಸಿಲು ಮಳೆ ಉಳಿಸಿಟ್ಟ ಅಕ್ಷರದ ಅಂಚನ್ನು ಈ ನೀರು ಒಂದೇ ಬೆಳಗ್ಗೆ ಸವೆಸಿಬಿಡಬಲ್ಲದು. ಪುರಾತತ್ವ ಇಲಾಖೆಯನ್ನು ಕೇಳದೆ ಮುಟ್ಟಬಾರದು.

ಚರಂಡಿ ಪೈಪು ಮತ್ತು ಕಾನೂನು

ಪೈಪಿನ ಕಟ್ಟು ಬಿಡಿಸುವ ಜೆಟ್ಟಿಂಗ್ ನಾಝಲ್‌ನಲ್ಲಿ ರಂಧ್ರಗಳು ಹಿಮ್ಮುಖವಾಗಿರುತ್ತವೆ. ನೀರು ಹಿಂದಕ್ಕೆ ಚಿಮ್ಮಿದಂತೆ ನಾಝಲ್ ತಾನೇ ಮುಂದಕ್ಕೆ ತೆವಳುತ್ತ ಹೋಸ್ ಪೈಪನ್ನು ಎಳೆದೊಯ್ಯುತ್ತದೆ. ಚತುರವಾದ ಈ ವ್ಯವಸ್ಥೆ ಅಗಲವಾದ ಪೈಪಿನಲ್ಲಿ ತಿರುಗುಬಾಣವಾಗಬಲ್ಲದು: ನಾಝಲ್ ಒಳಗೇ ಮಗ್ಗುಲು ತಿರುಗಿ, ಬಂದ ದಾರಿಯಲ್ಲೇ ಗುಂಡಿಯ ಬಾಯಿಗೆ ನುಗ್ಗುತ್ತದೆ. ಇದನ್ನು ತಡೆಯಲು ನಾಝಲ್‌ನ ಹಿಂದೆ, ಪೈಪಿನ ವ್ಯಾಸಕ್ಕಿಂತ ಉದ್ದವಾದ ಬಾಗದ ಕೊಳವೆಯ ತುಂಡನ್ನು ಜೋಡಿಸಬೇಕು. ನಾಝಲ್ ಪೈಪಿನೊಳಗೆ ಹೋದ ಮೇಲೆಯೇ ಒತ್ತಡ ಕೊಡಬೇಕು. ಹೊರಗೆ ಎಳೆಯುವಾಗ ತುದಿ ಸಮೀಪಿಸಿತೆಂದು ತಿಳಿಯಲು ಹೋಸಿನ ಮೇಲೆ ಒಂದೆರಡು ಮೀಟರ್ ಮೊದಲೇ ಬಣ್ಣದ ಟೇಪು ಸುತ್ತಿರಬೇಕು. ಟೇಪು ಕಂಡೊಡನೆ ಒತ್ತಡ ನಿಲ್ಲಬೇಕು.

ಕೊಳೆತ ಹೂಳನ್ನು ಕದಡಿದಾಗ ಹೈಡ್ರೋಜನ್ ಸಲ್ಫೈಡ್ ಅನಿಲ ಮೇಲೇಳುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹೆಚ್ಚಿದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವರು ಮೇಲೆ ಬರುವುದಿಲ್ಲ, ಎತ್ತಲು ಇಳಿದವರೂ ಬರುವುದಿಲ್ಲ. ಗಾಳಿಗೆ ಹಾರುವ ಕೊಳಚೆ ನೀರಿನ ತುಂತುರಿನಿಂದ ಇಲಿಜ್ವರದಂತಹ ಸೋಂಕುಗಳೂ ಬರಬಹುದು. ಕರಾವಳಿ ಮತ್ತು ಮಲೆನಾಡಿನ ಪಂಚಾಯತಿಗಳು ಮಳೆಗಾಲದಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ಯಂತ್ರ ಇರುವುದೇ ಮನುಷ್ಯ ಗುಂಡಿಗಿಳಿಯದಿರಲೆಂದು. ‘ಮಷಿನ್ ಅರ್ಧ ಬಿಡಿಸಿದೆ, ಉಳಿದುದನ್ನು ಇಳಿದು ತೆಗೆ’ ಎಂಬ ಮಾತು ಎಲ್ಲಿಂದ ಬಂದರೂ ಅದು ಕಾನೂನುಬಾಹಿರ ಆದೇಶ. ಮಲಹೊರುವ ವೃತ್ತಿಯಲ್ಲಿನ ನೇಮಕಾತಿ ನಿಷೇಧ ಮತ್ತು ಅವರ ಪುನರ್ವಸತಿ ಅಧಿನಿಯಮ, 2013ರ ವ್ಯಾಖ್ಯೆಯಂತೆ ‘ಸ್ಥಳೀಯ ಪ್ರಾಧಿಕಾರ’ ಎಂಬ ಪದದಲ್ಲಿ ಪಂಚಾಯತಿಯೂ ಸೇರಿದೆ. 7ನೇ ಪ್ರಕರಣವು ಒಳಚರಂಡಿ ಮತ್ತು ಶೌಚಗುಂಡಿಗಳ ಅಪಾಯಕಾರಿ ಶುಚಿಗೊಳಿಸುವಿಕೆಗೆ ಯಾರನ್ನೂ, ಗುತ್ತಿಗೆದಾರರ ಮೂಲಕವೂ, ತೊಡಗಿಸಬಾರದೆನ್ನುತ್ತದೆ. 9ನೇ ಪ್ರಕರಣದಡಿ ಮೊದಲ ಉಲ್ಲಂಘನೆಗೆ 2 ವರ್ಷಗಳವರೆಗೆ ಕಾರಾವಾಸ, 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ 5 ವರ್ಷ ಮತ್ತು 5 ಲಕ್ಷದವರೆಗೆ. 33ನೇ ಪ್ರಕರಣವು ಆಧುನಿಕ ಯಂತ್ರೋಪಕರಣಗಳ ಬಳಕೆಯನ್ನು ಸ್ಥಳೀಯ ಪ್ರಾಧಿಕಾರದ ಕರ್ತವ್ಯವನ್ನಾಗಿಸಿದೆ. ಇಂತಹ ಕೆಲಸದಲ್ಲಿ ಮೃತರಾದವರ ಕುಟುಂಬಕ್ಕೆ ನೀಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ 10 ಲಕ್ಷ ರೂಪಾಯಿ ಎಂದು ನಿಗದಿಪಡಿಸಿತ್ತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ 30 ಲಕ್ಷಕ್ಕೆ ಏರಿಸಿತು.

ಹತ್ತಿರದ ಪಟ್ಟಣದಿಂದ ಸಕ್ಕಿಂಗ್ ಮಷಿನ್ ತರಿಸಿದಾಗ ಹೊಣೆ ಅದರ ಮಾಲೀಕರದು ಎಂದು ಕೆಲವೆಡೆ ಭಾವಿಸಲಾಗಿದೆ. ಕೆಲಸಕ್ಕೆ ಕರೆಸಿದವರ ಹೊಣೆಯೂ ತಪ್ಪುವುದಿಲ್ಲ. ಬಾಡಿಗೆಯ ಆದೇಶಪತ್ರದಲ್ಲಿ ‘ಯಾವ ಕಾರಣಕ್ಕೂ ಯಾರೂ ಗುಂಡಿಗೆ ಇಳಿಯತಕ್ಕದ್ದಲ್ಲ, ಯಂತ್ರದಿಂದ ಆಗದಿದ್ದರೆ ಕೆಲಸ ನಿಲ್ಲಿಸತಕ್ಕದ್ದು’ ಎಂಬ ಸಾಲು ಇರಲೇಬೇಕು.

ಖರೀದಿಯ ನಿರ್ಣಯದಲ್ಲಿ

ಯಂತ್ರ, ಇ.ಎಲ್.ಸಿ.ಬಿ., ಮುಖಕವಚ, ಗಟ್ಟಿ ಮೂತಿಯ ಗಮ್‌ಬೂಟು, ನೀರು ಹೀರದ ಮೇಲಂಗಿ, ಕಿವಿಮುಚ್ಚಿಗೆ ಇವೆಲ್ಲವೂ ಒಂದೇ ನಿರ್ಣಯದಲ್ಲಿ, ಒಂದೇ ಅಂದಾಜಿನಲ್ಲಿ ಬರಬೇಕು. ‘ಮುಂದಿನ ಸಭೆಯಲ್ಲಿ ನೋಡೋಣ’ ಎಂದ ಬೂಟುಗಳು ಬರುವುದೇ ಇಲ್ಲವೆಂಬುದು ಹಲವು ಸದಸ್ಯರಿಗೆ ಗೊತ್ತಿರುವ ಸಂಗತಿ. ಅಳತೆ ಕೇಳದೆ ತರಿಸಿದರೆ ಅವು ಗೋದಾಮಿನಲ್ಲೇ ಉಳಿಯುತ್ತವೆ. ಸ್ವಚ್ಛ ವಾಹಿನಿಯ ಮಹಿಳಾ ಚಾಲಕರಿಗೆ 9ನೇ ನಂಬರಿನ ಬೂಟು ಕೊಟ್ಟು ಪ್ರಯೋಜನವಿಲ್ಲ. ಮಾರಾಟಗಾರರು ಯಂತ್ರವನ್ನು ಬಳಸುವವರ ಮುಂದೆಯೇ, ಕನ್ನಡದಲ್ಲಿ, ನಡೆಸಿ ತೋರಿಸಬೇಕೆಂಬುದನ್ನು ಬಿಲ್ಲು ಪಾವತಿಯ ಷರತ್ತಾಗಿಸಬಹುದು. ಗರ್ಭಿಣಿಯರಿಗೆ, ಕೈಯಲ್ಲಿ ತೆರೆದ ಗಾಯವಿರುವವರಿಗೆ ಈ ಕೆಲಸ ಹಚ್ಚಬಾರದು.

ಕೆಲಸ ಮುಗಿದ ಮೇಲೆ ಅನುಸರಿಸಬೇಕಾದ ಕ್ರಮವನ್ನು ಯಂತ್ರದ ಮೇಲೆಯೇ ಬರೆಸಬೇಕು: ಮೊದಲು ಮೋಟಾರು ಅಥವಾ ಎಂಜಿನ್ ನಿಲ್ಲಿಸುವುದು, ನಂತರ ನೀರಿನ ಕೊಳಾಯಿ ಮುಚ್ಚುವುದು, ಬಳಿಕ ಗನ್ನನ್ನು ನೆಲದ ಕಡೆಗೆ ಹಿಡಿದು ಟ್ರಿಗರ್ ಒತ್ತಿ ಉಳಿದ ಒತ್ತಡ ಬಿಡುವುದು, ಕಡೆಗೆ ಟ್ರಿಗರಿನ ಲಾಕು ಹಾಕುವುದು. ಯಂತ್ರ ನಿಂತಿದೆ ಎಂದ ಮಾತ್ರಕ್ಕೆ ಪೈಪಿನಲ್ಲಿ ಒತ್ತಡ ಇಲ್ಲವೆಂದಲ್ಲ. ನಾಝಲ್ ಬದಲಿಸುವಾಗ ಆಗುವ ಗಾಯಗಳು ಇಲ್ಲಿಂದಲೇ ಬರುತ್ತವೆ. ಹೋಸ್ ಪೈಪಿನ ಮೇಲೆ ವಾಹನ ಹಾಯಿಸಬಾರದು, ಮಡಿಸಿ ಬಿಸಿಲಲ್ಲಿ ಬಿಡಬಾರದು. ಹೊರ ರಬ್ಬರು ಸವೆದು ಉಕ್ಕಿನ ಹೆಣಿಗೆ ಕಂಡ ಹೋಸನ್ನು ಅಂದೇ ತೆಗೆದುಹಾಕಬೇಕು. ಇದಕ್ಕಾಗಿ ವಾರ್ಷಿಕ ಕ್ರಿಯಾಯೋಜನೆಯಲ್ಲಿ ಹೋಸ್ ಮತ್ತು ನಾಝಲ್ ಬದಲಾವಣೆಗೆ ಪ್ರತ್ಯೇಕ ಬಾಬು ಇರಿಸುವುದು ಅವಶ್ಯ. ಹಾಗಿಲ್ಲದಿದ್ದಲ್ಲಿ, ತೂತಾದ ಹೋಸಿಗೆ ಸೈಕಲ್ ಟ್ಯೂಬು ಸುತ್ತಿ ಕೆಲಸ ಮುಂದುವರಿಸುವಂತೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ.